ಉಪ್ಪಿನ ಜಾಡಿಯ ಕೆಳಗಿನ ಚೀಟಿಗಳು

ಆ ಮನೆಯ ಉಪ್ಪಿನ ಜಾಡಿಗೆ ಎರಡು ಕೆಲಸ. ಉಪ್ಪು ಇಟ್ಟುಕೊಳ್ಳುವುದು ಒಂದು. ಅಪ್ಪ ಮಗನಿಗೆ, ಮಗ ಅಪ್ಪನಿಗೆ ಬರೆದ ಚೀಟಿಗಳು ಹಾರಿಹೋಗದಂತೆ ಅದುಮಿ ಹಿಡಿಯುವುದು ಇನ್ನೊಂದು. ಮೂರು ವರ್ಷದಿಂದ ಅವರಿಬ್ಬರು ಒಂದೇ ಸೂರಿನ ಕೆಳಗೆ ಉಣ್ಣುತ್ತಿದ್ದರು, ಮಲಗುತ್ತಿದ್ದರು, ಒಂದೇ ನಲ್ಲಿಯಲ್ಲಿ ಮುಖ ತೊಳೆಯುತ್ತಿದ್ದರು. ಮಾತು ಮಾತ್ರ ಇರಲಿಲ್ಲ.

ಜಗಳದ ಮೂಲ ಕೇಳಿದರೆ ಯಾರಿಗಾದರೂ ನಗು ಬರಬೇಕು. ಮಗನ ತಾಯಿ ತೀರಿಕೊಂಡ ಮೇಲೆ ಆಕೆ ಕೂರುತ್ತಿದ್ದ ಬೆತ್ತದ ಕುರ್ಚಿ ಕಿಟಕಿಯ ಪಕ್ಕ ಖಾಲಿ ಬಿದ್ದಿತ್ತು. ಒಂದು ಕಾಲು ಮುರಿದು ಇಟ್ಟಿಗೆಯ ಮೇಲೆ ನಿಂತಿದ್ದ ಕುರ್ಚಿ ಅದು. ಒಂದು ಭಾನುವಾರ ಮಗ ಮನೆ ಚೊಕ್ಕಟ ಮಾಡುವ ಹುರುಪಿನಲ್ಲಿ ಅದನ್ನು ಗುಜರಿಯವನ ಗಾಡಿಗೆ ಎತ್ತಿಹಾಕಿದ. ಅಪ್ಪ ವಾಕಿಂಗ್ ಮುಗಿಸಿ ಬಂದವರು ಕಿಟಕಿಯ ಪಕ್ಕ ಉಳಿದಿದ್ದ ಇಟ್ಟಿಗೆ ನೋಡಿ, "ಒಂದು ಮಾತು ಕೇಳಬೇಕಿತ್ತು" ಎಂದರು. "ಬೇಕು ಅಂತ ನೀವು ಒಂದು ಮಾತು ಹೇಳಬೇಕಿತ್ತು" ಎಂದ ಮಗ. ಅಲ್ಲಿಗೆ ಮುಗಿಯಿತು. ಇಬ್ಬರದೂ ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಜಾಯಮಾನ.

ಮೊದಲ ವಾರ ಮಾತು ಬಿಟ್ಟರು, ಎರಡನೆಯ ವಾರ ಚೀಟಿ ಹಿಡಿದರು. ಅದಕ್ಕೊಂದು ಕಾನೂನೂ ಹುಟ್ಟಿಕೊಂಡಿತು. ಬರೆದವನು ಚೀಟಿಯನ್ನು ಜಾಡಿಯ ಅಡಿಗೆ ತೂರಿಸಬಹುದು. ಇನ್ನೊಬ್ಬನು ಜಾಡಿ ಎತ್ತಿ ತಾನಾಗಿ ತೆಗೆದುಕೊಳ್ಳುವಂತಿಲ್ಲ. ಜಾಡಿ ಎತ್ತಿದವನು ಸೋತ ಹಾಗೆ. ಹಾಗಾದರೆ ಎತ್ತುವವರು ಯಾರು? ದಿನಕ್ಕೆ ನಾಲ್ಕು ಸಲ ಹೇಗೂ ಉಪ್ಪಿಗೆ ಕೈ ಹಾಕುವವಳು ಒಬ್ಬಳಿದ್ದಳಲ್ಲ, ಮನೆಯ ಸೊಸೆ.

ಬೀದಿಯ ತುದಿಯ ಲಾಂಡ್ರಿಯಲ್ಲಿ ಕೌಂಟರ್ ನೋಡಿಕೊಳ್ಳುತ್ತಿದ್ದ ಅವಳನ್ನು ಎಲ್ಲರೂ ಲಾಂಡ್ರಿಯಕ್ಕ ಎಂದೇ ಕರೆಯುತ್ತಿದ್ದರು. ನಲವತ್ತನಾಲ್ಕು ವರ್ಷ. ಬಟ್ಟೆ ಎಣಿಸುವುದು, ನಂಬರಿನ ಪಟ್ಟಿ ಚುಚ್ಚುವುದು, ಜೇಬು ತಡಕಿ ನೋಡುವುದು ಅವಳ ಕೆಲಸ. ಜೇಬಿನಲ್ಲಿ ಸಿಕ್ಕಿದ ಕಾಗದ ಎಂಥದೇ ಇರಲಿ ಎಸೆಯುವಂತಿಲ್ಲ, ಆರು ತಿಂಗಳು ಎತ್ತಿಡಬೇಕು ಎಂಬುದು ಲಾಂಡ್ರಿಯ ನಿಯಮ. ಇಪ್ಪತ್ತು ವರ್ಷ ಆ ನಿಯಮ ಪಾಲಿಸಿ ಅದು ರಕ್ತಕ್ಕೇ ಇಳಿದಿತ್ತು. ಹಾಗಾಗಿ ಅಪ್ಪ ಮಗನ ಚೀಟಿಗಳನ್ನೂ ಓದಿ ತಲುಪಿಸಿದ ಮೇಲೆ ಎಸೆಯಲಿಲ್ಲ. ಏಪ್ರನ್ನಿನ ಜೇಬಿಗೆ ಹಾಕಿಕೊಳ್ಳುವುದು, ವಾರಕ್ಕೊಮ್ಮೆ ಜೇಬು ಕೊಡವಿ ಒಂದು ಬಿಸ್ಕತ್ತಿನ ಡಬ್ಬಿಗೆ ತುಂಬುವುದು. ಒಂದು ಡಬ್ಬಿ ತುಂಬಿ ಎರಡನೆಯದೂ ಅರ್ಧಕ್ಕೆ ಬಂದಿತ್ತು.

ಶನಿವಾರದ ಕ್ಲಾಸಿಗೆ ಅವಳನ್ನು ಸೇರಿಸಿದ್ದು ಮಗಳು. ಹದಿನೇಳು ವರ್ಷದ ಹುಡುಗಿ, ಬಾಯಿ ಮಾತ್ರ ಎಪ್ಪತ್ತರದು.

"ಅಮ್ಮ, ಲೈಬ್ರರಿ ಮಹಡಿ ಮೇಲೆ ಆರ್ಟ್ ಜರ್ನಲ್ ಕ್ಲಾಸ್ ಅಂತೆ. ನಿನ್ನ ಹೆಸರು ಕೊಟ್ಟು ಬಂದೆ."

"ನಂಗೆ ಗೆರೆ ಎಳೆಯೋಕೂ ಬರಲ್ಲ ಕಣೇ."

"ಗೆರೆ ಎಳೆಯೋದಲ್ಲ, ಹರಿದು ಅಂಟಿಸೋದು. ವಾರಕ್ಕೆ ಎರಡು ಗಂಟೆ ಈ ಮನೆ ಪೋಸ್ಟ್‌ಮ್ಯಾನ್‌ಗೆ ರಜೆ. ಹೋಗಿ ಬಾ."

ಕ್ಲಾಸಿನ ಟೀಚರ್ ಹಿಂದೆ ಮಕ್ಕಳ ಪಠ್ಯಪುಸ್ತಕಗಳಿಗೆ ಚಿತ್ರ ಬರೆಯುತ್ತಿದ್ದ ಹೆಂಗಸು. ಕನ್ನಡಕದ ಮೇಲೂ ಬಣ್ಣದ ಚುಕ್ಕೆ. ಹನ್ನೆರಡು ಜನರಿಗೂ ದಪ್ಪ ಹಾಳೆಯ ಒಂದೊಂದು ಪುಸ್ತಕ ಕೊಟ್ಟು ಹೇಳಿದರು: "ಎದುರು ಬದುರು ಎರಡು ಪುಟ, ಒಂದೇ ಚಿತ್ರ. ಮನೆಯಲ್ಲಿ ದಿನಾ ಕೈಗೆ ಸಿಗೋ, ಯಾರೂ ಬೆಲೆ ಕೊಡದ ಕಾಗದ, ಬಟ್ಟೆ, ದಾರ ತನ್ನಿ. ಹರಿಯಿರಿ, ಅಂಟಿಸಿ, ಹೊಲಿಯಿರಿ, ಮೇಲೆ ಬಣ್ಣ ಹಚ್ಚಿ. ಇವತ್ತಿಗೆ ಆರನೇ ಶನಿವಾರ ಕೆಳಗಿನ ಓದುವ ಹಾಲ್‌ನಲ್ಲಿ ಎಲ್ಲರ ಪುಟಾನೂ ಬಿಡಿಸಿ ಇಡ್ತೀವಿ. ಒಂದು ತಿಂಗಳು ಇರುತ್ತೆ."

ಒಂದು ತಿಂಗಳು ಇರುತ್ತೆ. ಆ ಮಾತು ಲಾಂಡ್ರಿಯಕ್ಕನ ಮನಸ್ಸಿಗೆ ನಾಟಿತು. ಲಾಂಡ್ರಿಯ ಕೆಲಸ ಚೆನ್ನಾಗಿ ಆಯಿತೆಂದರೆ ಏನೂ ಉಳಿಯಬಾರದು. ಕಲೆ ಹೋಗಬೇಕು, ಸುಕ್ಕು ಹೋಗಬೇಕು, ಮಾಡಿದವರ ಬೆರಳಿನ ಗುರುತೂ ಹೋಗಬೇಕು. ಅಡುಗೆಯೂ ಅಷ್ಟೇ, ಪಾತ್ರೆ ಖಾಲಿಯಾದರೆ ಗೆದ್ದಂತೆ. ಇದು ನಾನು ಮಾಡಿದ್ದು ಎಂದು ಬೆರಳು ಮಾಡಿ ತೋರಿಸುವಂಥದ್ದು ಅವಳ ಬಾಳಿನಲ್ಲಿ ಒಂದೂ ಇರಲಿಲ್ಲ. ಒಂದು ಬೇಕು ಅನ್ನಿಸಿತು.

ಮನೆಗೆ ಬಂದು ಬಿಸ್ಕತ್ತಿನ ಡಬ್ಬಿ ಕೆಳಗಿಳಿಸಿದಳು.

ಮಾವ ಪ್ರೆಸ್ಸಿನಲ್ಲಿ ನಲವತ್ತು ವರ್ಷ ಕರಡು ತಿದ್ದಿದವರು. ಅವರ ಚೀಟಿಗಳೆಲ್ಲ ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ, ಅಡಿಪಟ್ಟಿ ಇಟ್ಟು ಹರಿದ ಕೆನೆಬಣ್ಣದ ತುಂಡುಗಳು, ಮುತ್ತಿನಂಥ ಅಕ್ಷರ. ಗಂಡ ಲಿಫ್ಟ್ ಮೆಕ್ಯಾನಿಕ್. ಅವನವು ಬಿಡಿಭಾಗಗಳ ಪೆಟ್ಟಿಗೆಯ ಕಂದು ರಟ್ಟು, ದಪ್ಪ ಪೆನ್ಸಿಲ್, ಮೂಲೆಯಲ್ಲಿ ಗ್ರೀಸಿನ ಹೆಬ್ಬೆಟ್ಟು, ಒಂದೆರಡಕ್ಕೆ ಅಂಟಿಕೊಂಡ ನೀಲಿ ಇನ್ಸುಲೇಶನ್ ಟೇಪು. ಮಗನ ಚೀಟಿಯನ್ನು ಸೊಸೆ ಕೈಗೆ ಕೊಟ್ಟಾಗ ಮಾವ ಸುಮ್ಮನೆ ಓದುತ್ತಿರಲಿಲ್ಲ. ಕೆಂಪು ಶಾಯಿಯಲ್ಲಿ ತಪ್ಪು ತಿದ್ದಿ ವಾಪಸ್ ಕಳಿಸುತ್ತಿದ್ದರು. ಅದನ್ನು ನೋಡಿ ಗಂಡನಿಗೆ ಮೈಯೆಲ್ಲ ಉರಿಯುತ್ತಿತ್ತು.

"ಎಡಗಡೆ ತಾತನದ್ದು, ಬಲಗಡೆ ಅಪ್ಪಂದು," ಮಗಳು ಊಟದ ಮೇಜಿನ ಮೇಲೆ ತುಂಡುಗಳನ್ನು ಹರಡಿದಳು. "ಮಧ್ಯೆ ಪುಸ್ತಕದ ಮಡಿಕೆ. ಕಟ್ಟಿದ ಗೋಡೆ ಇದ್ದ ಹಾಗೆ ಇದೆ ನೋಡು."

"ಇಷ್ಟು ಬೇಗ ಅಂಟಿಸಬೇಡ. ಜೋಡಿಸಿ ನೋಡು, ಒಂದು ದಿನ ಹಾಗೇ ಬಿಡು ಅಂದಿದಾರೆ ಟೀಚರ್. ಕಣ್ಣು ಎಲ್ಲಿ ಹತ್ತುತ್ತೆ, ಎಲ್ಲಿ ಇಳಿಯುತ್ತೆ ಅಂತ ಗೊತ್ತಾಗಬೇಕಂತೆ."

"ಒಂದು ದಿನ ಹಾಗೇ ಬಿಟ್ರೆ ಊಟ ಎಲ್ಲಿ?"

"ನೆಲದ ಮೇಲೆ."

ನೆಲದ ಮೇಲೆಯೇ ಆಯಿತು. ಮಾವ ಗೋಡೆಗೆ ಒರಗಿ, ಗಂಡ ಬಾಗಿಲಿಗೆ ಒರಗಿ, ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಗೊಣಗಿದರು.

"ಈ ಬಣ್ಣದ ಪುಸ್ತಕ ಮುಗಿಯೋದು ಯಾವಾಗ?" ಎಂದ ಗಂಡ.

"ಆರನೇ ಶನಿವಾರ."

"ಅಲ್ಲಿವರೆಗೂ ಹೀಗೇನಾ? ಮಂಡಿ ಹಿಡ್ಕೊಳ್ತಿದೆ."

"ಮಂಡಿ ನೋವು ನನಗೂ ಇದೆಯಮ್ಮ," ಎಂದರು ಮಾವ, ಸೊಸೆಯ ಕಡೆಗೇ ತಿರುಗಿ. ಇಬ್ಬರ ಅಹವಾಲೂ ಒಂದೇ, ಆದರೆ ಇಬ್ಬರೂ ಬೇರೆ ಬೇರೆಯಾಗಿ ಅವಳಿಗೇ ಸಲ್ಲಿಸಿದರು.

ಮೇಜಿನ ಮೇಲೆ ಮೇಣದ ಕಾಗದ ಹೊದಿಸಿಟ್ಟದ್ದು ಏನೆಂದು ಇಬ್ಬರೂ ಕೇಳಲಿಲ್ಲ. ಹೆಂಗಸರ ಹುಚ್ಚು, ನಾಲ್ಕು ದಿನ ಇದ್ದು ಹೋಗುತ್ತದೆ ಎಂದುಕೊಂಡರು. ಮಾವನಿಗಂತೂ ಕಣ್ಣಿಗೆ ಪೊರೆ ಬಂದು ಹತ್ತಿರದ್ದೂ ಮಂಜು ಮಂಜಾಗಿತ್ತು. ಕೆಂಪು ಶಾಯಿಯ ಗೆರೆಗಳೂ ಈಚೆಗೆ ಅಕ್ಷರ ಬಿಟ್ಟು ಪಕ್ಕಕ್ಕೆ ಬೀಳುತ್ತಿದ್ದವು.

ಎರಡನೆಯ ಶನಿವಾರ ಟೀಚರ್ ಕನ್ನಡಕ ಹಣೆಗೇರಿಸಿ ಜೋಡಣೆ ನೋಡಿದರು. "ಚೆನ್ನಾಗಿದೆ. ಎಡಗಡೆ ಮೇಲೆ ಒಂದು ನೀಲಿ ಬೇಕು. ಬಲಗಡೆ ಈ ಇನ್ಸುಲೇಶನ್ ಟೇಪಿನ ನೀಲಿ ಒಂಟಿಯಾಗಿಬಿಟ್ಟಿದೆ." ಆಮೇಲೆ ಪುಟದ ಮೇಲೆ ಬೆರಳಾಡಿಸಿ ಕೇಳಿದರು: "ಇದರಲ್ಲಿ ನೀವೆಲ್ಲಿದೀರಿ?"

"ನಾನಾ? ನಾನು ಬರೆದಿಲ್ವಲ್ಲ. ತಲುಪಿಸೋಳು ಅಷ್ಟೇ."

"ಅಂಟಿಸೋಕೆ ಮುಂಚೆ ಅದನ್ನ ಯೋಚನೆ ಮಾಡಿ."

ಅವಳು ಯೋಚನೆ ಮಾಡಿದಳು. ಇಸ್ತ್ರಿ ಮಾಡುವಾಗ, ಪಾತ್ರೆ ಉಜ್ಜುವಾಗ, ಬಸ್ಸಿಗೆ ಕಾಯುವಾಗ ಯೋಚಿಸಿದಳು. ಲಾಂಡ್ರಿಯ ನಂಬರಿನ ಪಟ್ಟಿ ಎರಡು ಇಟ್ಟು ನೋಡಿದಳು, ಒಪ್ಪಲಿಲ್ಲ. ಏಪ್ರನ್ನಿನ ಅಂಚು ಕತ್ತರಿಸಿ ಇಟ್ಟಳು, ಅದೂ ಒಪ್ಪಲಿಲ್ಲ. ಮೂರನೆಯ ವಾರ ಬಂತು. ದಿನ ಓಡುತ್ತಿತ್ತು. ಮಂಗಳವಾರ ಸಂಜೆ ಕೆಲಸದಿಂದ ಬಂದವಳೇ, ಇನ್ನು ಕಾದರೆ ಕೆಡುತ್ತೇನೆ ಎಂದು ಅಂಟಿನ ಬಾಟಲಿ ತೆರೆದಳು. ತೆಳ್ಳಗೆ ಹಚ್ಚಿ, ಮಧ್ಯದಿಂದ ಅಂಚಿಗೆ ಗಾಳಿ ಹೊರಡಿಸಿ, ಒಂದೊಂದೇ ಚೀಟಿ ಕೂರಿಸಿದಳು. ಮಡಿಕೆಯ ಮೇಲೆ ಬಂದ ತುಂಡುಗಳನ್ನು ಬ್ಲೇಡಿನಿಂದ ಸೀಳಿದಳು. ಇಲ್ಲದಿದ್ದರೆ ಪುಸ್ತಕ ಬಿಡಿಸಿದಾಗ ಬಿರಿಯುತ್ತವೆ. ಎಡಗಡೆಯ ನೀಲಿ ಮಾತ್ರ ಬಾಕಿ. ಆ ಹೊತ್ತಿಗೆ ಏಪ್ರನ್ನಿನ ಜೇಬಿಗೆ ಕೈ ಹೋಯಿತು. ಅಲ್ಲೊಂದು ನೀಲಿ ಕಾಗದ! ದೇವರೇ ಕೊಟ್ಟಂತೆ ಸಿಕ್ಕಿತು. ಮಡಿಕೆ ಬಿಡಿಸದೆ, ಅಂಚನ್ನಷ್ಟೇ ಒರಟಾಗಿ ಹರಿದು, ಮೇಲಿನ ಮೂಲೆಯಲ್ಲಿ ಒತ್ತಿದಳು. ಪುಸ್ತಕ ಮುಚ್ಚಿ ಮೇಲೆ ಇಸ್ತ್ರಿಪೆಟ್ಟಿಗೆ ಇಟ್ಟಳು.

ಊರವರ ಜೇಬು ನೋಡುವವಳು ಅವತ್ತು ತನ್ನ ಜೇಬು ನೋಡಲಿಲ್ಲ.

ಗುರುವಾರ ಮಧ್ಯಾಹ್ನ ಒಂದು ಗಂಟೆಗೆ ಊಟಕ್ಕೆಂದು ಮನೆಗೆ ಬಂದಾಗ ಮಾವ ಗೇಟಿನ ಪಕ್ಕದ ಕಟ್ಟೆಯ ಮೇಲೆ ಕೂತಿದ್ದರು. ಇಸ್ತ್ರಿ ಮಾಡಿದ ಶರ್ಟು, ಪಾಲಿಶ್ ಹಾಕಿದ ಬೂಟು, ತೊಡೆಯ ಮೇಲೆ ಆಸ್ಪತ್ರೆಯ ಫೈಲು.

"ಇದೇನು ಮಾವ, ಎಲ್ಲಿಗೆ ಹೊರಟಿದ್ರಿ?"

"ಎಲ್ಲಿಗೂ ಇಲ್ಲಮ್ಮ. ಎಂಟೂವರೆಗೆ ಹೊರಡಬೇಕಿತ್ತು. ಇವತ್ತು ಕಣ್ಣಿನ ಆಪರೇಷನ್ ಇತ್ತು. ಜೊತೆಗೆ ಮನೆಯವರು ಒಬ್ಬರು ಇಲ್ಲದೆ ಒಳಗೇ ಬಿಡಲ್ಲ ಅಂದಿದ್ರು. ಗಾಡಿ ತಗೊಂಡು ಬಾ ಅಂತ ಸೋಮವಾರವೇ ಚೀಟಿ ಇಟ್ಟಿದ್ದೆ. ಬೆಳಿಗ್ಗೆ ನೀನು ಹೋದ ಮೇಲೆ ನನ್ನ ಮುಂದೇನೇ ಗಾಡಿ ಹತ್ತಿ ಕೆಲಸಕ್ಕೆ ಹೋದ. ತಿರುಗಿ ಕೂಡ ನೋಡಲಿಲ್ಲ." ಅವರು ಫೈಲನ್ನು ತೊಡೆಯ ಮೇಲೆ ಮಗುಚಿಟ್ಟರು. "ಇಷ್ಟು ಹಗೆ ಇದೆ ಅಂತ ಗೊತ್ತಿರಲಿಲ್ಲ."

"ಯಾವ ಚೀಟಿ ಮಾವ?"

"ನೀಲಿ ಚೀಟಿ. ಆಸ್ಪತ್ರೆ ಕವರಿನ ಹಿಂದೆ ಬರೆದಿದ್ದು."

ಲಾಂಡ್ರಿಯಕ್ಕ ಏಪ್ರನ್ನಿನ ಜೇಬು ಮುಟ್ಟಿ ನೋಡಿಕೊಂಡಳು. ಸೋಮವಾರ ಜಾಡಿ ಎತ್ತಿದಾಗ ಒಲೆಯ ಮೇಲೆ ಹಾಲು ಉಕ್ಕಿತ್ತು. ಚೀಟಿಯನ್ನು ಜೇಬಿಗೆ ಹಾಕಿಕೊಂಡು ಒಲೆ ಆರಿಸಲು ಓಡಿದ್ದಳು. ಓದಿರಲಿಲ್ಲ. ಓದಿ ಮುಗಿದ ಚೀಟಿಗಳ ನಡುವೆ, ಇನ್ನೂ ಜೀವ ಇದ್ದ ಒಂದೇ ಒಂದು ಚೀಟಿಯನ್ನು ಒಯ್ದು ಅಂಟಿಸಿದ್ದಳು. ಒಳಗೆ ಓಡಿ ಪುಸ್ತಕ ತಂದು ಬಿಡಿಸಿ, "ನನ್ನ ತಪ್ಪು ಮಾವ. ಅವರಿಗೆ ಗೊತ್ತೇ ಇಲ್ಲ. ನೋಡಿ, ಇಲ್ಲಿದೆ" ಎಂದು ತೋರಿಸಿದಳು. ಕಣ್ಣಲ್ಲಿ ನೀರು ತುಂಬಿತ್ತು.

ಮಾವ ಪುಸ್ತಕವನ್ನು ಮೂಗಿನ ಹತ್ತಿರಕ್ಕೆ ಹಿಡಿದು ನೋಡಿದರು. ನೀಲಿ ಚೀಟಿ ನೋಡಿದರು. ಅದರ ಕೆಳಗೆ ತಮ್ಮದೇ ಅಕ್ಷರದ ಇನ್ನೊಂದು ಚೀಟಿ, ಅದರ ಪಕ್ಕ ಮತ್ತೊಂದು. ಎಣಿಸುತ್ತ ಹೋದರು. ಮುಖದ ಬಣ್ಣ ಬದಲಾಯಿತು.

"ಇದನ್ನ ಎಲ್ಲಿ ಇಡ್ತೀಯಮ್ಮ?"

"ಲೈಬ್ರರಿಯಲ್ಲಿ."

"ಜನ ನೋಡೋ ಜಾಗದಲ್ಲಿ?"

ಸಂಜೆ ಗಂಡ ಬಂದ. ಆ ಹೊತ್ತಿಗೆ ಮಗಳು ಅವನಿಗೆ ಫೋನಿನಲ್ಲಿ ಎಲ್ಲ ಹೇಳಿದ್ದಳು. ಅವನು ಬೂಟೂ ಬಿಚ್ಚದೆ ನೇರ ಮೇಜಿನ ಹತ್ತಿರ ಬಂದು ಪುಟ ನೋಡಿದ.

"ಏನಿದು? ನನ್ನ ಚೀಟಿಗಳನ್ನೆಲ್ಲ ಊರ ಮುಂದೆ ನೇತು ಹಾಕ್ತೀಯಾ? 'ಬಚ್ಚಲಲ್ಲಿ ಕೂದಲು ಬಿಡಬಾರದು ಅಂತ ಅಪ್ಪಂಗೆ ಹೇಳು'. ಇದನ್ನ ನನ್ನ ಮಾಲೀಕ ಓದಬೇಕಾ?"

"ಅಪ್ಪಾ, ಮಾಲೀಕರು ಲೈಬ್ರರಿ ಕಡೆ ತಲೆ ಹಾಕಿಯೂ ಮಲಗಲ್ಲ," ಎಂದಳು ಮಗಳು.

"ನೀನು ಬಾಯಿ ಮುಚ್ಚು."

"ಮನೆ ಮಾನ ಬೀದಿ ಪಾಲು ಮಾಡಬಾರದಮ್ಮ," ಎಂದರು ಮಾವ. "ಅಪ್ಪ ಮಗನ ಮಧ್ಯೆ ಸಾವಿರ ಇರುತ್ತೆ. ಅದು ನಾಲ್ಕು ಗೋಡೆ ಒಳಗೆ ಇರಬೇಕು."

"ಸರಿಯಾಗಿ ಹೇಳಿದ್ರಿ ಅಪ್ಪಾ. ನೀವೇ ಹೇಳಿ ಅವಳಿಗೆ."

ಮಾತು ಆಡಿದ ಮೇಲೆ ಗಂಡನಿಗೇ ಗೊತ್ತಾಯಿತು. ಮಾವನಿಗೂ ಗೊತ್ತಾಯಿತು. ಮಗಳ ಬಾಯಿ ತೆರೆದದ್ದು ತೆರೆದ ಹಾಗೇ ಇತ್ತು. ಮೂರು ವರ್ಷದಲ್ಲಿ ಮೊದಲ ಸಲ ಅಪ್ಪ ಮಗ ಒಂದಾಗಿದ್ದರು, ಅದೂ ಅವಳ ವಿರುದ್ಧ. ಇಬ್ಬರೂ ತಟಕ್ಕನೆ ಬೇರೆ ಬೇರೆ ಕಿಟಕಿಗಳತ್ತ ತಿರುಗಿ ನಿಂತರು.

ಲಾಂಡ್ರಿಯಕ್ಕ ಪುಸ್ತಕ ಮುಚ್ಚಿ ಎದೆಗೆ ಹಿಡಿದುಕೊಂಡಳು. ಮಧ್ಯಾಹ್ನದಿಂದ ಅತ್ತು ಅವಳ ಕಣ್ಣು ಕೆಂಪಾಗಿತ್ತು, ದನಿ ಮಾತ್ರ ಗಟ್ಟಿಯಾಗಿತ್ತು.

"ಚೀಟಿ ಓದದೆ ಬಿಟ್ಟಿದ್ದು ನನ್ನ ತಪ್ಪು ಮಾವ. ಕಾಲಿಗೆ ಬೇಕಾದ್ರೂ ಬೀಳ್ತೀನಿ. ಚೀಟಿ ಬರೆದಿದ್ದು ನನ್ನ ತಪ್ಪಲ್ಲ. ಎದುರಿಗಿರೋ ಮಗನಿಗೆ 'ಗುರುವಾರ ನನ್ನ ಕಣ್ಣು ಆಪರೇಷನ್' ಅಂತ ಹೇಳೋಕೆ ನಾನ್ಯಾಕೆ ಬೇಕಿತ್ತು? ರೀ, ಅಪ್ಪ ಬೂಟು ಹಾಕ್ಕೊಂಡು ಗೇಟಲ್ಲಿ ನಿಂತಿದಾರೆ ಅಂತ ಕಂಡಾಗ 'ಎಲ್ಲಿಗೆ?' ಅಂತ ಕೇಳೋಕೆ ನಿಮಗೇನಾಗಿತ್ತು?"

ಗಂಡ ಬೂಟಿನ ದಾರ ಬಿಚ್ಚಲು ಬಗ್ಗಿದ.

"ನಾಳೆಯಿಂದ ನಾನು ಜಾಡಿ ಎತ್ತೋದು ಉಪ್ಪಿಗೆ ಮಾತ್ರ. ಒಂದು ಚೀಟೀನೂ ತಲುಪಿಸಲ್ಲ, ಓದಲ್ಲ. ಈ ಪುಟ ಲೈಬ್ರರಿಗೆ ಹೋಗುತ್ತೆ."

"ಹೋಗಲ್ಲ," ಎಂದ ಗಂಡ.

"ಹೋಗುತ್ತೆ," ಎಂದಳು ಅವಳು, ಒಲೆ ಹಚ್ಚಲು ಹೋದಳು.

ಆಮೇಲಿನ ಎರಡು ವಾರ ಆ ಮನೆಯಲ್ಲಿ ನಡೆದದ್ದನ್ನು ನೋಡಬೇಕಿತ್ತು. ಮಾವ ಅಭ್ಯಾಸಬಲದಿಂದ ಚೀಟಿ ತೂರಿಸಿದರು. ಗಂಡನೂ ತೂರಿಸಿದ. ಲಾಂಡ್ರಿಯಕ್ಕ ಜಾಡಿ ಎತ್ತಿ ಉಪ್ಪು ತೆಗೆದುಕೊಂಡು, ಚೀಟಿಗಳ ಮೇಲೆಯೇ ಮತ್ತೆ ಇಟ್ಟಳು. ಮೇಲಿನ ಟ್ಯಾಂಕ್ ತುಂಬಿ ಮೆಟ್ಟಿಲಿನಲ್ಲಿ ನೀರು ಹರಿಯಿತು. ಮೋಟಾರ್ ಆಫ್ ಮಾಡುವ ಪಾಳಿ ಯಾರದೆಂಬುದು ಜಾಡಿಯ ಅಡಿಯಲ್ಲಿತ್ತು. ಒಂದು ದಿನ ಇಬ್ಬರೂ ಬ್ರೆಡ್ ತಂದರು, ಮೂರು ದಿನ ಬರೀ ಬ್ರೆಡ್ ತಿಂದರು. ಇನ್ನೊಂದು ದಿನ ಇಬ್ಬರೂ ತರಲಿಲ್ಲ. ಮಗಳು ಕಾಲೇಜಿನಿಂದ ಬಂದು, "ಇವತ್ತೇನು, ಉಪವಾಸ ಸತ್ಯಾಗ್ರಹನಾ?" ಎಂದಳು. ಚೀಟಿಗಳು ಬೆಳೆದು ಜಾಡಿ ಓಲಾಡತೊಡಗಿತು.

"ಮಗಳೇ, ನಿನ್ನಪ್ಪನಿಗೆ ಸ್ವಲ್ಪ ಹೇಳು..." ಎಂದು ಮಾವ ಮೊಮ್ಮಗಳನ್ನು ಹಿಡಿಯಲು ನೋಡಿದರು.

"ತಾತ, ಪೋಸ್ಟ್ ಆಫೀಸ್ ಮುಚ್ಚಿದೆ. ನಾನು ಹೊಸ ಬ್ರಾಂಚ್ ತೆಗೆಯಲ್ಲ."

ಆಸ್ಪತ್ರೆಗೆ ಮಾವ ತಾವೇ ಫೋನ್ ಮಾಡಿ ಹೊಸ ದಿನ ಕೇಳಿದರು. ಆರನೆಯ ಶನಿವಾರ ಕಳೆದು ಬರುವ ಬುಧವಾರ ಸಿಕ್ಕಿತು. ಲಾಂಡ್ರಿಯಕ್ಕ ಅದನ್ನು ಕೇಳಿಸಿಕೊಂಡಳು. ಈ ಸಲ ತಾನೇ ರಜೆ ಹಾಕಿ ಕರೆದುಕೊಂಡು ಹೋಗುವುದೆಂದು ಮನಸ್ಸಿನಲ್ಲೇ ನಿಶ್ಚಯಿಸಿದಳು. ಹೇಳಲು ಮಾತ್ರ ಹೋಗಲಿಲ್ಲ. ಮೊಂಡು ಹಿಡಿದವಳಿಗೆ ಕರುಣೆ ಇರುವುದಿಲ್ಲ ಎಂದೇನಿಲ್ಲ.

ಅಷ್ಟರಲ್ಲಿ ಪುಟದ ಚಿಂತೆ. ಮಾವನ ಮಾತು ಮುಳ್ಳಿನ ಹಾಗೆ ಒಳಗೆ ಉಳಿದಿತ್ತು. ಬಚ್ಚಲಿನ ಕೂದಲು, ಮಾತ್ರೆಯ ಹೆಸರು, ಕಣ್ಣಿನ ಪೊರೆ, ಇವೆಲ್ಲ ಕಂಡವರು ಓದುವಂಥದ್ದಲ್ಲ ಎಂಬುದು ಅವಳಿಗೂ ಒಪ್ಪಿಗೆಯೇ. ನೀಲಿ ಚೀಟಿಯ ಒಂದು ಅಂಚನ್ನು ಎಬ್ಬಿಸಿ ನೋಡಿದಳು. ಕೆಳಗಿನ ಹಾಳೆಯ ಪದರವೇ ಕಿತ್ತು ಬಂತು. ತೆಗೆದರೆ ಪುಟ ಉಳಿಯುವುದಿಲ್ಲ.

ಐದನೆಯ ಶನಿವಾರ ಟೀಚರ್ ಕೇಳಿದರು, "ತೆಗೆಯೋಕಾಗದಿದ್ರೆ ಮುಚ್ಚಬಹುದಲ್ಲ?"

"ಎಲ್ಲಾ ಮುಚ್ಚಿದ್ರೆ ಏನು ಉಳಿಯುತ್ತೆ?"

"ಅದನ್ನ ನೀವೇ ಆರಿಸಬೇಕು."

ಮಾರನೆಯ ಬೆಳಿಗ್ಗೆ ಕಿಟಕಿಯ ಬಳಿ, ಕುರ್ಚಿ ಇದ್ದ ಜಾಗದಲ್ಲಿ, ಪುಸ್ತಕ ಬಿಡಿಸಿಕೊಂಡು ನೆಲದ ಮೇಲೆ ಕೂತಳು. ಬಿಳಿ ಬಣ್ಣವನ್ನು ನೀರು ಹಾಕಿ ತೆಳ್ಳಗೆ ಮಾಡಿ, ಸಣ್ಣ ಬ್ರಷ್ ಹಿಡಿದು, ಮೊದಲ ಚೀಟಿ ಓದಿದಳು. "ಟ್ಯಾಂಕ್ ಸೋರುತ್ತಿದೆಯೆಂದು ಅವನಿಗೆ ಹೇಳು." ಟ್ಯಾಂಕ್ ಮೇಲೆ ಬಿಳಿ ಹೋಯಿತು. "ಹತ್ತು ಗಂಟೆ ಮೇಲೆ ರೇಡಿಯೋ ಬೇಡ ಅಂತ ಅಪ್ಪಂಗೆ ಹೇಳು." ರೇಡಿಯೋ ಮೇಲೆ ಬಿಳಿ ಹೋಯಿತು. ಮೂರನೆಯದು, ನಾಲ್ಕನೆಯದು. ಐದನೆಯದಕ್ಕೆ ಬ್ರಷ್ ನಿಂತಿತು.

ಪ್ರತಿ ಚೀಟಿಯ ಕೊನೆಯಲ್ಲೂ ಒಂದೇ ಪದ. ಮುತ್ತಿನ ಅಕ್ಷರದಲ್ಲಿ ಹೇಳು. ದಪ್ಪ ಪೆನ್ಸಿಲಿನಲ್ಲಿ ಹೇಳು. ಕೆಂಪು ಶಾಯಿಯಲ್ಲಿ ಹೇಳು. ಅಪ್ಪ ಮಗನಿಗೆ ಬರೆದಿರಲಿಲ್ಲ, ಮಗ ಅಪ್ಪನಿಗೆ ಬರೆದಿರಲಿಲ್ಲ. ಮೂರು ವರ್ಷದಿಂದ ಇಬ್ಬರೂ ಬರೆದದ್ದು ಅವಳಿಗೆ.

"ಅಯ್ಯೋ, ನಾನು ಎಲ್ಲಾ ಕಡೆ ಇದೀನಲ್ಲೇ," ಎಂದು ಮಗಳನ್ನು ಕೂಗಿದಳು.

ಆ ದಿನವೆಲ್ಲ ಕೂತು ಆ ಒಂದು ಪದ ಬಿಟ್ಟು ಉಳಿದದ್ದನ್ನೆಲ್ಲ ಬಿಳಿ ಮಾಡಿದಳು. ಬಣ್ಣ ತೆಳ್ಳಗಿದ್ದುದರಿಂದ ಅಡಿಯ ಬರಹ ಇದೆ ಎಂದು ಗೊತ್ತಾಗುತ್ತಿತ್ತು, ಓದಲು ಬರುತ್ತಿರಲಿಲ್ಲ. ಕೆನೆ, ಕಂದು, ಎರಡು ಕಡೆ ನೀಲಿ, ಅಲ್ಲಲ್ಲಿ ಗ್ರೀಸಿನ ಹೆಬ್ಬೆಟ್ಟು. ಎರಡು ಪುಟದ ತುಂಬ ನಲವತ್ತೊಂದು ಸಲ ಹೇಳು. ನೀಲಿ ಚೀಟಿಯ ಮಡಿಕೆಯನ್ನು ಯಾರೂ ಬಿಡಿಸದಂತೆ ಲಾಂಡ್ರಿಯ ಬಿಳಿ ದಾರದಲ್ಲಿ ಅದನ್ನು ಪುಟಕ್ಕೆ ಹೊಲಿದಳು. ಅದೇ ದಾರವನ್ನು ಪುಸ್ತಕದ ಮಡಿಕೆಯವರೆಗೆ ತಂದು, ಆಚೆ ದಾಟಿಸದೆ, ಅಲ್ಲೇ ಕತ್ತರಿಸಿ ನೇತಾಡಲು ಬಿಟ್ಟಳು.

ಆರನೆಯ ಶನಿವಾರ ಅವಳು ಬೇಗ ಎದ್ದು ಬೇಳೆ ಬೇಯಲಿಟ್ಟಳು, ಅನ್ನ ಮಾಡಿದಳು, ತರಕಾರಿ ಹೆಚ್ಚಿ ಬೇಳೆಗೆ ಹಾಕಿದಳು. ಒಳ್ಳೆಯ ಸೀರೆ ಉಟ್ಟಳು. ಮಾವ ಪೇಪರ್ ಹಿಡಿದು ಕೂತಿದ್ದರು. ಗಂಡ ಅಂಗಳದಲ್ಲಿ ಗಾಡಿ ಒರೆಸುತ್ತಿದ್ದ.

"ಮಾವ, ಒಂದು ಸಲ ನೋಡ್ತೀರಾ?" ಪುಟ ಬಿಡಿಸಿ ಅವರ ಮೂಗಿನ ಹತ್ತಿರ ಹಿಡಿದಳು.

ಅವರು ಬಹಳ ಹೊತ್ತು ನೋಡಿದರು. ಬೆರಳಿನಿಂದ ತಡವಿದರು. ಕರಡು ತಿದ್ದಿದ ಕಣ್ಣಲ್ಲವೇ, ಮಂಜಿನಲ್ಲೂ ಉಳಿದಿದ್ದ ಪದ ಹಿಡಿಯಿತು. ಮತ್ತೆ ಪೇಪರ್ ಎತ್ತಿಕೊಂಡರು. ಅಂಗಳದಲ್ಲಿ ಗಂಡನಿಗೂ ತೋರಿಸಿದಳು. ಅವನು ಒದ್ದೆ ಬಟ್ಟೆ ಹಿಡಿದುಕೊಂಡೇ ನೋಡಿದ.

"ಓದೋಕೆ ಆಗಲ್ಲ ಈಗ."

"ಆಗಲ್ಲ. ಓದಬೇಕಾದ್ದು ಒಂದೇ."

"ಹೋಗೇ ಹೋಗ್ತೀಯಾ?"

"ಹೋಗೇ ಹೋಗ್ತೀನಿ. ಮಧ್ಯಾಹ್ನ ಬರ್ತೀನಿ, ಜೊತೆಗೆ ಉಣ್ಣೋಣ."

ಹೊರಡುವ ಮುಂಚೆ ಅಡುಗೆಮನೆಗೆ ಬಂದು, ಜಾಡಿಯ ಅಡಿಯ ಹಳೆಯ ಚೀಟಿಗಳನ್ನೆಲ್ಲ ಡಬ್ಬಿಗೆ ಸುರಿದು, ತಾನೊಂದು ಚೀಟಿ ಬರೆದಳು. ಅವಳ ಬಾಳಿನ ಮೊದಲ ಚೀಟಿ. "ಬೇಳೆಗೆ ಉಪ್ಪು ಹಾಕಿಲ್ಲ" ಎಂದಷ್ಟೇ ಬರೆದು, ಯಾರಿಗೆ ಎಂದು ಬರೆಯದೆ, ತುದಿ ಹೊರಗೆ ಕಾಣುವಂತೆ ಜಾಡಿಯ ಅಡಿಗಿಟ್ಟಳು.

ಓದುವ ಹಾಲ್‌ನಲ್ಲಿ ಹನ್ನೆರಡು ಪುಸ್ತಕಗಳನ್ನು ಮರದ ಸ್ಟ್ಯಾಂಡಿನ ಮೇಲೆ ಬಿಡಿಸಿಟ್ಟಿದ್ದರು. ಲಾಂಡ್ರಿಯಕ್ಕ ಮಗಳ ಜೊತೆ ತನ್ನದರ ಪಕ್ಕ ಕೈ ಕಟ್ಟಿ ನಿಂತಳು. ಪೇಪರ್ ಓದಲು ಬಂದ ಒಬ್ಬ ಮುದುಕಿ ಪುಟದ ಮುಂದೆ ನಿಂತು, ಬಾಗಿ, ನೇತಾಡುವ ದಾರವನ್ನು ಬೆರಳಿನಿಂದ ಮುಟ್ಟಿ, "ನಮ್ಮನೇನೂ ಹೀಗೇ ಕಣಮ್ಮ" ಎಂದು ನಿಟ್ಟುಸಿರು ಬಿಟ್ಟು ಮುಂದೆ ಹೋದಳು. "ಯಾರು ಮಾಡಿದ್ದು ಇದು?" ಎಂದು ಇನ್ನೊಬ್ಬರು ಕೇಳಿದರು. "ನಾನು," ಎಂದಳು. ಹೇಳಿದ್ದು ಸಣ್ಣಗೆ ಕೇಳಿಸಿತೇನೋ ಎಂದು ಇನ್ನೊಂದು ಸಲ ಹೇಳಿದಳು, "ನಾನು ಮಾಡಿದ್ದು."

ಮಧ್ಯಾಹ್ನ ತಾಯಿ ಮಗಳು ಮನೆಗೆ ಬಂದಾಗ ಮೇಜಿನ ಮೇಲೆ ನಾಲ್ಕು ತಟ್ಟೆ ಇಟ್ಟಿತ್ತು. ಯಾರು ಇಟ್ಟರೋ ಅಪ್ಪ ಮಗ ಇಬ್ಬರೂ ಹೇಳಲಿಲ್ಲ. ಜಾಡಿ ತನ್ನ ಜಾಗದಲ್ಲಿತ್ತು, ಚೀಟಿಯೂ ಅಡಿಯಲ್ಲಿತ್ತು, ತುದಿ ಮಾತ್ರ ಬೇರೆ ಕಡೆಗೆ ತಿರುಗಿತ್ತು. ಎಲ್ಲರೂ ಕೂತರು. ಅವಳು ಬಡಿಸಿದಳು. ಮಗಳು ಮೊದಲ ತುತ್ತು ಬಾಯಿಗಿಟ್ಟು ನೀರಿನ ಲೋಟಕ್ಕೆ ಕೈ ಹಾಕಿದಳು.

ಮಾವನೂ ಒಂದು ತುತ್ತು ತಿಂದರು. ಮುಖ ಹಿಂಡಿದರು. ಗಂಡ ತಿಂದ. ನುಂಗಲೋ ಉಗುಳಲೋ ತಿಳಿಯದೆ ಕೆನ್ನೆ ಉಬ್ಬಿಸಿ ಕೂತ. ಇಬ್ಬರೂ ರೂಢಿಯಂತೆ ಲಾಂಡ್ರಿಯಕ್ಕನ ಕಡೆ ತಿರುಗಿದರು. ಅವಳು ತಲೆ ಬಗ್ಗಿಸಿ ಅನ್ನ ಕಲಸುತ್ತಿದ್ದಳು. ಕಾದರು. ಅವಳು ಕಲಸುತ್ತಲೇ ಇದ್ದಳು.

ಕಡೆಗೆ ಮಾವ ತಟ್ಟೆ ನೋಡಿಕೊಂಡು ಅಂದರು, "ಉಪ್ಪು ಎರಡು ಸಲ ಬಿದ್ದಿದೆ."

ಮಗಳು ಲೋಟ ಕೆಳಗಿಟ್ಟಳು.

"ನಾನೊಂದು ಸಲ ಹಾಕಿದ್ದೆ," ಎಂದ ಗಂಡ, ಅವನೂ ತಟ್ಟೆಗೇ.

"ನಾನೂ ಹಾಕಿದ್ದೆ ಕಣೋ."

"ಹಾಕಿದ್ರೆ ಒಂದು ಮಾತು ಹೇಳಬಾರದಿತ್ತಾ?"

"ನೀನು ಕೇಳಿದ್ಯಾ?"

"ಕೇಳೋಕೆ ನೀವು ಮುಖ ಕೊಟ್ಟಿದ್ರಾ? ಪೇಪರ್ ಅಡ್ಡ ಹಿಡ್ಕೊಂಡು ಕೂತಿದ್ರಿ!"

"ಪೇಪರ್‌ನಲ್ಲಿ ಒಂದಕ್ಷರ ಕಾಣಲ್ಲ ನನಗೆ! ಬುಧವಾರ ಒಂಬತ್ತು ಗಂಟೆಗೆ ಆಸ್ಪತ್ರೆ, ಗೊತ್ತಾ ನಿನಗೆ?"

"ಹೇಳದೆ ಹೇಗೆ ಗೊತ್ತಾಗುತ್ತೆ? ಎಂಟೂವರೆಗೆ ರೆಡಿ ಇರಿ, ಗಾಡಿ ತರ್ತೀನಿ. ಈ ಸಲ ಗೇಟಲ್ಲಿ ನಿಲ್ಲಬೇಡಿ, ಒಳಗೆ ಬಂದು ಕರೀತೀನಿ."

ಮಾವ ಎತ್ತಿದ ತುತ್ತನ್ನು ತಟ್ಟೆಗೆ ಇಳಿಸಿದರು. "ಆ ಕುರ್ಚಿ," ಎಂದರು, "ನಾನೇ ಅದಕ್ಕೆ ಹೊಸ ಕಾಲು ಹಾಕಿಸಬೇಕು ಅಂತಿದ್ದೆ. ಇಟ್ಟಿಗೆ ಇಟ್ಟಿದ್ದು ಅದಕ್ಕೇ."

"ಹೇಳಬೇಕಿತ್ತಲ್ಲಪ್ಪ," ಎಂದ ಮಗ. "ನಾನು ಕೇಳಬೇಕಿತ್ತು."

ಮಗಳು ಅಮ್ಮನ ತೊಡೆಯನ್ನು ಮೇಜಿನ ಕೆಳಗೆ ಒತ್ತಿದಳು, ನೋಡು ಎಂಬಂತೆ. ಲಾಂಡ್ರಿಯಕ್ಕ ನೋಡಲಿಲ್ಲ, ಮಧ್ಯೆ ಬಾಯಿಯನ್ನೂ ಹಾಕಲಿಲ್ಲ. ಅವರಿಬ್ಬರೂ ಆಗಲೇ ಇಟ್ಟಿಗೆ ಯಾರು ಎಲ್ಲಿ ಬಿಸಾಡಿದರೆಂದು ಮತ್ತೆ ದನಿ ಏರಿಸಿದ್ದರು. ಅವಳು ಒಂದು ಲೋಟ ನೀರು ಪಕ್ಕಕ್ಕಿಟ್ಟುಕೊಂಡು, ಆ ಉಪ್ಪುಪ್ಪು ಬೇಳೆ ಕಲಸಿದ ಅನ್ನವನ್ನು ಕೊನೆಯ ಅಗುಳಿನವರೆಗೆ ಉಂಡು, ಇನ್ನೊಂದು ಸೌಟು ಬಡಿಸಿಕೊಂಡಳು.